ಬಾಯ್ಲರ್ ಮನೆಯ ಷರತ್ತುಗಳು

ನನ್ನನ್ನು ಕೆಲಸಕ್ಕೆ ಕೇಳಿಕೊಂಡು ಮೊದಲು ಬಂದ ಮನುಷ್ಯ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆತ ಕಡೂರಿನ ಒಂದು ಎಣ್ಣೆ ಮಿಲ್ಲಿನ ಸಾಹುಕಾರ. ಶಿವನಿಯ ನಮ್ಮ ಮನೆ ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, "ಎಲ್ಲಿ, ಆ ಸರ್ಟಿಫಿಕೇಟು ತಗಂಬಾ ನೋಡಾನ" ಅಂದ. ತಂದುಕೊಟ್ಟೆ. ಸೀಲಿನ ಮೇಲೆ ಹೆಬ್ಬೆರಳಾಡಿಸಿದ. ಬಿಸಿಲಿಗೆ ಹಿಡಿದು ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರು ಕೂಡ ಒಮ್ಮೆ ಅದರ ಕಣ್ಣನ್ನು ನೋಡುತ್ತಾರೆ. ಈತನಿಗೆ ಆ ಗೊಡವೆಯೂ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಆರೇಳು ವರ್ಷ ಸಲಿಕೆ ಹಿಡಿದು, ಆಮೇಲೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಕೊಟ್ಟು, ಬಾಯ್ಲರ್ ನೋಡಿಕೊಳ್ಳುವವನೆಂಬ ಸರ್ಟಿಫಿಕೇಟು ಸಂಪಾದಿಸಿದ್ದೆ. ಅಂಥ ಸರ್ಟಿಫಿಕೇಟು ಇರುವವನೊಬ್ಬ ಕೆಲಸದ ಮೇಲಿಲ್ಲದೆ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ ಎಂಬುದು ಸರ್ಕಾರದ ಕಾನೂನು. ನಮ್ಮ ಕಡೆ ಮಿಲ್ಲುಗಳು ಹತ್ತಾರು ಇದ್ದವು, ಸರ್ಟಿಫಿಕೇಟು ಇದ್ದವರು ಬೆರಳೆಣಿಕೆಯಷ್ಟು. ನನಗೆ ಬೇಡಿಕೆ ಇದೆ ಎಂದು ಉಬ್ಬಿದ್ದೆ. ಬೇಡಿಕೆ ಇದ್ದದ್ದು ನನಗಲ್ಲ ಎಂದು ಆ ಜಗಲಿಯ ಮೇಲೆ ಗೊತ್ತಾಯಿತು.

"ನೀನು ಬರೋದೇನ್ ಬ್ಯಾಡ ಕಣಪ್ಪಾ" ಅಂದ ಸಾಹುಕಾರ. "ಇದಕ್ಕೆ ಫ್ರೇಮ್ ಹಾಕ್ಸಿ ಗೋಡೆಗೆ ನೇತಾಕ್ತೀವಿ. ಇನ್ಸ್‌ಪೆಕ್ಟ್ರು ಬರೋ ದಿನ ಮಾತ್ರ ಬಂದು, ಖಾಕಿ ಹಾಕ್ಕಂಡು ನಿಂತ್ಕೊ. ವರ್ಷಕ್ಕೊಂದ್ ದಿನ. ತಿಂಗ್ಳು ತಿಂಗ್ಳು ದುಡ್ಡು ಮನೇಗ್ ಬತ್ತದೆ."

"ಉಳಿದ ದಿನ ಬೆಂಕಿ ಹಾಕೋರು ಯಾರು?"

"ಗಾಡಿ ಎತ್ತು ನೋಡ್ಕಳೋನೊಬ್ಬವ್ನೆ. ಅವ್ನೇ ಹಾಕ್ತಾನೆ. ಬೆಂಕಿ ಹಾಕಕ್ಕೂ ಓದ್ಬೇಕೇನ್ಲಾ?"

ಒಲ್ಲೆ ಅಂದೆ. ದೊಡ್ಡ ಧರ್ಮಿಷ್ಠನಂತೆ ಹೇಳಿದೆನೆಂದು ಯಾರೂ ತಿಳಿಯಬಾರದು. ಗೋಡೆಗೆ ನೇತುಹಾಕಲು ಯೋಗ್ಯವಾದ ಕಾಗದ, ಒಳಗೆ ಬಿಟ್ಟುಕೊಳ್ಳಲು ಯೋಗ್ಯನಲ್ಲದ ನಾನು ಎಂಬ ಲೆಕ್ಕ ನನ್ನ ಜಂಬಕ್ಕೆ ಪೆಟ್ಟು ಕೊಟ್ಟಿತ್ತು, ಅಷ್ಟೆ. ಸಾಹುಕಾರ ಎದ್ದು ಹೋದಮೇಲೆ ಅಪ್ಪ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ, "ಕುಂತಲ್ಲಿಗೆ ಬಂದ ಅನ್ನ ಒದ್ದವ್ನೆ ನೋಡ್ರಪ್ಪಾ ನನ್ ಮಗ" ಎಂದು ಸಾರಿದ. ಆ ವಾರವೆಲ್ಲ ನನ್ನ ತಟ್ಟೆಗೆ ಮುದ್ದೆ ಬೀಳುವಾಗ ಒಂದು ತರಹದ ಸದ್ದು ಮಾಡಿಕೊಂಡೇ ಬೀಳುತ್ತಿತ್ತು.

ಎರಡನೆಯ ಕರೆ ತರೀಕೆರೆಯಿಂದ ಬಂತು. ಅದು ಅಕ್ಕಿ ಮಿಲ್ಲು. ಭತ್ತವನ್ನು ಆವಿಯಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ, ಕುಸುಬಲಕ್ಕಿ ಮಾಡಿ ಘಟ್ಟದ ಕೆಳಗೆ ಕಳಿಸುತ್ತಿದ್ದರು. ಮಾಲೀಕ ಡಿಗ್ರಿ ಓದಿದವನು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಪಿಂಗಾಣಿ ಕಪ್ಪಿನಲ್ಲಿ ಕಾಫಿ ತರಿಸಿದ. ಬಹುವಚನದಲ್ಲಿ ಮಾತಾಡಿಸಿದ. ಕಡೂರಿನ ಮೀಸೆಯ ಮುಂದೆ ಈತ ದೇವರಂತೆ ಕಂಡ.

ನಾನು ಈ ಸಲ ತಯಾರಾಗಿ ಹೋಗಿದ್ದೆ. ನನ್ನ ಷರತ್ತುಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ವಾರಕ್ಕೊಂದು ರಜ. ಎಂಟು ಗಂಟೆ ಕೆಲಸವಾದ ಮೇಲೆ ನನ್ನನ್ನು ಬಿಡಿಸಲು ಎರಡನೆಯ ಆಳು. ಬಾಯ್ಲರಿನೊಳಗೆ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಕೆಟ್ಟರೆ ಅಂದೇ ಹೊಸದು. ನಾನು ಬೆಂಕಿ ತೆಗೆಯಬೇಕು ಅಂದರೆ ತೆಗೆಯಬೇಕು, ಅದಕ್ಕೆ ಬೇರೆ ಯಾರ ಅಪ್ಪಣೆಯೂ ಬೇಡ.

ಪ್ರತಿಯೊಂದಕ್ಕೂ ಆತ, ನನ್ನ ವಾಕ್ಯ ಮುಗಿಯುವ ಮೊದಲೇ, "ಆಯ್ತು" ಅಂದ. "ಖಂಡಿತ" ಅಂದ. "ಇದನ್ನೆಲ್ಲ ಕೇಳಬೇಕೇನ್ರೀ" ಅಂದ.

"ಬರೆದುಕೊಟ್ಟರೆ ಚೆನ್ನಾಗಿತ್ತು" ಅಂದೆ.

ಆತ ಎದೆಯ ಮೇಲೆ ಕೈಯಿಟ್ಟುಕೊಂಡ. ಮುಖದಲ್ಲಿ ನಿಜವಾಗಿಯೂ ನೋವಿತ್ತು. ಆ ನೋವನ್ನು ಎಷ್ಟು ಸಲ ಅಭ್ಯಾಸ ಮಾಡಿದ್ದನೋ. "ಕಾಗದ ಯಾಕ್ರೀ ನಮ್ಮ ಮಧ್ಯೆ? ಈ ಮಿಲ್ಲಲ್ಲಿ ಮಾಲೀಕ, ಆಳು ಅನ್ನೋದೇ ಇಲ್ಲ. ನಾವೆಲ್ಲ ಒಂದೇ ಕುಟುಂಬ."

ನಾಚಿಕೆಯಾಗಿ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನನ್ನ ಜೀವನದಲ್ಲಿ ನಾನು ಮಾಡಿದ ಪೆದ್ದು ಕೆಲಸಗಳಲ್ಲಿ ಅದಕ್ಕೆ ಮೊದಲ ಸ್ಥಾನ. ನಾಲ್ಕು ಉಸಿರಿನಲ್ಲಿ ನಾಲ್ಕು ಷರತ್ತಿಗೆ ಒಪ್ಪುವವನು ಒಂದನ್ನೂ ಕೇಳಿಸಿಕೊಂಡಿರುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಕುಟುಂಬ ಎಂಥದೆಂದು ಬೇಗ ಗೊತ್ತಾಯಿತು. ಕುಟುಂಬದ ಯಜಮಾನ ಫ್ಯಾನಿನ ಕೆಳಗೆ ಕೂರುತ್ತಿದ್ದ. ಕುಟುಂಬದ ಉಳಿದವರಾದ ನಾವು ತಗಡಿನ ಮಾಡಿನ ಕೆಳಗೆ, ಹೊಟ್ಟಿನ ಧೂಳಿನಲ್ಲಿ ಕೆಮ್ಮುತ್ತಿದ್ದೆವು. ವಾರದ ರಜೆ ಕೇಳಿದರೆ, "ಈ ವಾರ ಲೋಡು ಇದೆಯಲ್ಲ, ಮುಂದಿನ ವಾರ ಎರಡು ದಿನ ತಗೊಳ್ಳಿ" ಅನ್ನುವುದು. ಲೋಡು ಇಲ್ಲದ ವಾರ ಆ ಮಿಲ್ಲಿಗೆ ಎಂದೂ ಬರಲಿಲ್ಲ. ಎರಡನೆಯ ಆಳಿನ ಮುಖ ನಾನು ನೋಡಲೇ ಇಲ್ಲ. ಗಾಜಿನ ಕೊಳವೆ ಮಸಿಹಿಡಿದು ನೀರಿನ ಗೆರೆ ಕಾಣದೆ ಹೋದಾಗ, ಹೊಸದು ಬರುವವರೆಗೆ ಅಂದಾಜಿನ ಮೇಲೆ ನಡೆಸಿ ಅಂದರು. ಬಾಯ್ಲರನ್ನು ಅಂದಾಜಿನ ಮೇಲೆ ನಡೆಸುವುದೆಂದರೆ ಕಣ್ಣು ಕಟ್ಟಿಕೊಂಡು ಬಾವಿಯ ಕಟ್ಟೆಯ ಮೇಲೆ ನಡೆಯುವುದು. ನಡೆದೆ. ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಕಡೂರನ್ನು ಒದ್ದು ಬಂದವನು ತರೀಕೆರೆಯನ್ನೂ ಒದ್ದು ಬಂದನೆಂದು ಅಪ್ಪ ಸಾರುವ ದನಿ ಕಿವಿಯಲ್ಲಿತ್ತು.

ಇದೆಲ್ಲಕ್ಕಿಂತ ಕೆಟ್ಟದ್ದು ಆ ತೂಕದ ಕಲ್ಲು. ಬಾಯ್ಲರಿನ ನೆತ್ತಿಯ ಮೇಲೆ ಸೇಫ್ಟಿ ವಾಲ್ವ್ ಇರುತ್ತದೆ. ಒಳಗಿನ ಆವಿ ಮಿತಿ ಮೀರಿದರೆ ಅದು ತಾನಾಗಿ ತೆರೆದುಕೊಂಡು ಭುಸ್ಸೆಂದು ಹೊರಬಿಡುತ್ತದೆ. ಅದನ್ನು ಅದುಮಿ ಹಿಡಿಯಲು ಒಂದು ಕಬ್ಬಿಣದ ಸನ್ನೆಕೋಲು, ಆ ಸನ್ನೆಯ ತುದಿಯಲ್ಲಿ ಲೆಕ್ಕ ಹಾಕಿ ತೂಗುಬಿಟ್ಟ ಒಂದು ಗುಂಡು. ಹೀಗೆ ಹೊರಬಿಟ್ಟರೆ ಆವಿ ದಂಡವಾಗುತ್ತದೆ, ಭತ್ತ ಬೇಯುವುದು ತಡವಾಗುತ್ತದೆ ಎಂದು ಯಜಮಾನನಿಗೆ ಸಂಕಟ. ಒಂದು ಬೆಳಗ್ಗೆ ನೋಡಿದರೆ ಸನ್ನೆಗೆ ತಕ್ಕಡಿಯ ಐದು ಕಿಲೋ ಕಲ್ಲನ್ನು ತಂತಿಯಿಂದ ಬಿಗಿದಿದ್ದರು. ಬಿಚ್ಚಿ ಎಸೆದೆ. ಮರುದಿನ ಮತ್ತೆ ಇತ್ತು. ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯನ್ನು ಕೇಳಿದರೆ, "ನಂಗೇನ್ ಗೊತ್ತು ಕಣ್ರೀ, ಕಟ್ಟು ಅಂದ್ರು ಕಟ್ದೆ" ಅಂದ. ಬೆಳಗ್ಗೆ ನಾನು ಬಿಚ್ಚುವುದು, ಊಟಕ್ಕೆ ಹೋದಾಗ ಅವನು ಕಟ್ಟುವುದು. ಇಬ್ಬರು ದೊಡ್ಡ ಗಂಡಸರು ತಿಂಗಳುಗಟ್ಟಲೆ ಈ ಆಟ ಆಡಿದೆವು.

ಬಾಯ್ಲರ್ ಮನೆಯ ಗೋಡೆಗೆ ಅಂಟಿಕೊಂಡೇ ಕಣವಿತ್ತು. ಅಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಬೆಂದ ಭತ್ತ ಹರವಿ, ಕಾಲಲ್ಲಿ ಸಾಲು ಎಳೆದು ಒಣಗಿಸುತ್ತಿದ್ದರು. ಅವರಲ್ಲಿ ಹಿರಿಯಳು ಎಮ್ಮೆದೊಡ್ಡಿ ಕಡೆಯಿಂದ ಬಂದವಳು, ಐವತ್ತರ ಹತ್ತಿರದವಳು. ಅಕ್ಕ ಎಂದು ಕರೆಯುತ್ತಿದ್ದೆ. ಒಂದು ದಿನ ನಾನು ಕಲ್ಲು ಬಿಚ್ಚಿ ಬೈದುಕೊಳ್ಳುತ್ತಾ ಹೊರಗೆ ಬಂದಾಗ ಅವಳು ನೀರು ಕುಡಿಯುತ್ತಿದ್ದಳು.

"ಅದೇನ್ ತಮ್ಮಾ ದಿನಾ ಬಿಚ್ಚಿ ಬಿಚ್ಚಿ ಎಸಿತೀಯ?"

ಹೇಳಿದೆ. ಕಲ್ಲಿದ್ದಷ್ಟು ಹೊತ್ತು ವಾಲ್ವ್ ತೆರೆಯದು, ಆವಿ ತುಂಬಿ ಬಾಯ್ಲರ್ ಸಿಡಿಯಬಹುದು.

"ಸಿಡಿದ್ರೆ ಏನಾಯ್ತದೆ?"

"ಈ ಗೋಡೆ ಇರಲ್ಲಕ್ಕ."

ಅವಳು ಗೋಡೆ ನೋಡಿದಳು. ಗೋಡೆಯ ನೆರಳಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ತನ್ನ ಹೆಂಗಸರನ್ನು ನೋಡಿದಳು. "ಇಷ್ಟ್ ದಿನ ಯಾಕ್ ಯೋಳ್ಲಿಲ್ಲ ನೀನು?" ಅಂದಳು.

ನಾನು ಯಜಮಾನನಿಗೆ ಹೇಳಿದ್ದೆ, ಮೇಸ್ತ್ರಿಗೆ ಹೇಳಿದ್ದೆ. ಗೋಡೆಯ ಆಚೆ ನಿಂತವರಿಗೆ ಹೇಳಬೇಕೆಂದು ನನ್ನ ಓದಿದ ತಲೆಗೆ ಹೊಳೆದೇ ಇರಲಿಲ್ಲ.

ಎರಡು ದಿನ ಅವಳು ಏನೂ ಮಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ, ಎರಡು ತೊಟ್ಟಿ ಭತ್ತ ಬೆಂದು, ಬಿಸಿ ಹಬೆಯಾಡುತ್ತಾ ಕಣಕ್ಕೆ ಸುರಿದದ್ದೇ ತಡ, ಅಕ್ಕ ಸೆರಗು ಕೊಡವಿಕೊಂಡು ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಹೋಗಿ ಕೂತಳು. ಹಿಂದೆ ಹಿಂದೆ ಅಷ್ಟೂ ಹೆಂಗಸರು. ಬೆಂದ ಭತ್ತ ಗುಡ್ಡೆಯಾಗಿ ಬಿದ್ದರೆ ಒಂದೆರಡು ಗಂಟೆಯಲ್ಲಿ ಹುಳಿ ವಾಸನೆ ಶುರುವಾಗುತ್ತದೆ. ಸಂಜೆಯ ಹೊತ್ತಿಗೆ ಅದನ್ನು ದನವೂ ಮೂಸುವುದಿಲ್ಲ.

ಮೇಸ್ತ್ರಿ ಕೂಗಾಡಿದ. ಯಾರೂ ಏಳಲಿಲ್ಲ. ಕೊನೆಗೆ ಯಜಮಾನನೇ ಬಂದ. ಬಿಸಿಲಿಗೆ ಕರವಸ್ತ್ರ ತಲೆಯ ಮೇಲಿಟ್ಟುಕೊಂಡು, ಅದೇ ನೋವಿನ ಮುಖ ಮಾಡಿಕೊಂಡು, "ಏನಮ್ಮಾ ಇದು? ನಾವೆಲ್ಲ ಒಂದೇ ಕುಟುಂಬ ಅಲ್ವಾ?" ಅಂದ.

"ಹೌದು ಬುದ್ದೀ" ಅಂದಳು ಅಕ್ಕ, ಕೂತಲ್ಲಿಂದಲೇ. "ಅಂಗಾದ್ರೆ ಅಮ್ಮಾವ್ರನ್ನ ಕರ್ಸಿ. ಈ ಗ್ವಾಡೆ ಮಗ್ಗುಲಲ್ಲಿ ನಮ್ ಜೊತೆ ಒಂದ್ ದಿನ ಕುಂತ್ಕಳ್ಳಿ."

ಆತನ ಮುಖದ ನೋವು ಹೋಯಿತು. ಆ ಮುಖದ ಮೇಲೆ ಬೇರೆ ಭಾವವನ್ನು ನಾನು ನೋಡಿದ್ದು ಅದೇ ಮೊದಲು. "ಏನ್ ಬೇಕು ನಿಮ್ಗೆ?" ಅಂದ.

"ಆ ಕಲ್ಲು ಕಟ್ಟಬಾರ್ದು. ಗ್ವಾಡೆಯಿಂದ ಇಪ್ಪತ್ ಮಾರು ಆಚೆಗೆ ಕಣ ಹಾಕ್ಬೇಕು. ನೆಳ್ಳಿಗೊಂದ್ ಚಪ್ಪರ ಬೇಕು, ಕುಡಿಯೋ ನೀರಿಗೊಂದ್ ಗುಡಾಣ ಬೇಕು. ಅಷ್ಟೆ."

"ಆಯ್ತು, ಆಯ್ತು. ಎಲ್ಲ ಆಗ್ತದೆ. ಏಳಿ ಈಗ."

"ಬರ್ದು ಕೊಡಿ."

ಯಜಮಾನ ನಕ್ಕ. "ನಿಂಗೆ ಓದಕ್ಕೆ ಬರುತ್ತಾ? ಕಾಗದ ಇಟ್ಕೊಂಡು ಏನ್ ಮಾಡ್ತೀಯ?"

"ನಂಗೆ ಬರಕ್ಕಿಲ್ಲ ಬುದ್ದೀ. ನಿಮ್ಗೆ ಬತ್ತದಲ್ಲ, ಸಾಕು."

ಆಮೇಲೆ ಕಣದ ಕಡೆ ನೋಡುತ್ತಾ ಕೂತಳು. ಭತ್ತದ ಗುಡ್ಡೆಯಿಂದ ಏಳುತ್ತಿದ್ದ ಹಬೆ ಆಗಲೇ ತೆಳ್ಳಗಾಗುತ್ತಿತ್ತು. ಯಜಮಾನ ಒಮ್ಮೆ ಗುಡ್ಡೆ ನೋಡಿದ, ಒಮ್ಮೆ ಗಡಿಯಾರ ನೋಡಿದ. ಜೇಬಿನ ಎರಡು ಪೆನ್ನುಗಳಲ್ಲಿ ಒಂದಕ್ಕೆ ಕೊನೆಗೂ ಕೆಲಸ ಸಿಕ್ಕಿತು. ಆಕೆ ಹೇಳಿದ ಹಾಗೆ ನಾನು ಬರೆದೆ, ಆತ ಸಹಿ ಹಾಕಿದ. ಅಕ್ಕ ಅದನ್ನು ನಾಲ್ಕಾಗಿ ಮಡಿಸಿ ಎಲೆಯಡಿಕೆ ಚೀಲದೊಳಗೆ ಸೇರಿಸಿ, "ಏಳ್ರೇ" ಅಂದಳು. ಡಿಗ್ರಿಯವನ ಮುಂದೆ ಸರ್ಟಿಫಿಕೇಟಿನವನು ಮಾಡಲಾರದ್ದನ್ನು ಹೆಬ್ಬೆಟ್ಟಿನವಳು ಮಧ್ಯಾಹ್ನದೊಳಗೆ ಮಾಡಿ ಮುಗಿಸಿದ್ದಳು.

ಚಪ್ಪರ ಎದ್ದಿತು. ಕಣ ದೂರ ಹೋಯಿತು. ನಾಲ್ಕು ದಿನ ಬಿಟ್ಟು ನನಗೆ ಆಫೀಸಿನಿಂದ ಕರೆ ಬಂತು. ಮತ್ತೆ ಪಿಂಗಾಣಿ ಕಪ್ಪು. ಬಾಯ್ಲರ್ ಇನ್ಸ್‌ಪೆಕ್ಟರು ಮುಂದಿನ ವಾರ ಬರುವವರಿದ್ದರು.

"ಮಿಲ್ಲಿನ ಹಿಂದಿನ ರೂಮು ಖಾಲಿ ಇದೆ" ಅಂದ ಯಜಮಾನ. "ಕರೆಂಟಿದೆ. ನೀವು ಇಟ್ಕೊಳ್ಳಿ. ಸಂಬಳ ನೋಡೋಣ, ಏರಿಸೋಣ. ಒಂದು ಸಣ್ಣ ಕೆಲಸ. ಬಾಯ್ಲರ್ ಸಿಡಿಯೋದು ಗಿಡಿಯೋದು ಅಂತ ನೀವು ಅಂದಿದ್ದು ಬರೀ ತಮಾಷೆಗೆ ಅಂತ ಆ ಹೆಂಗಸರಿಗೆ ನೀವೇ ಹೇಳ್ಬಿಡಿ. ಆ ಮುದುಕೀನ ಆಮೇಲೆ ನಾವು ನಿಧಾನಕ್ಕೆ ಬಿಡಿಸ್ತೀವಿ."

ಕಪ್ಪನ್ನು ಅವನ ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ ಎಂದು ಬರೆಯಲು ಕೈ ಬರುತ್ತದೆ. ನಾನು ಹೇಳಿದ್ದು, "ಒಂದು ದಿನ ಟೈಮ್ ಕೊಡಿ" ಎಂದು. ಅಷ್ಟೇ ಅಲ್ಲ, ಹೋಗಿ ಆ ರೂಮು ನೋಡಿದೆ. ಹೊಸದಾಗಿ ಸುಣ್ಣ ಹೊಡೆದಿದ್ದರು. ಒಂದು ಕಿಟಕಿ, ಗೋಡೆಯಲ್ಲೊಂದು ಗೂಡು. ಮಂಚ ಯಾವ ಕಡೆ ಹಾಕಿದರೆ ಗಾಳಿ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಅಲ್ಲೇ ನಿಂತಿದ್ದೆ. ಯಜಮಾನನ ಮೇಲೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲನ್ನು ಆ ದಿನದ ನನಗಾಗಿ ತೆಗೆದಿಟ್ಟಿದ್ದೇನೆ.

ಮರುದಿನ ಬೆಳಗ್ಗೆ ಅಕ್ಕ ಬಾಯ್ಲರ್ ಮನೆಯ ಬಾಗಿಲಿಗೆ ಬಂದು ಮುತ್ತುಗದ ಎಲೆಯಲ್ಲಿ ಸುತ್ತಿದ ರೊಟ್ಟಿ ಕೊಟ್ಟಳು.

"ನಿಂಗೆ ರೂಮು ಕೊಡ್ತಾರಂತೆ?" ಅಂದಳು. ಮಿಲ್ಲಿನಲ್ಲಿ ಗುಟ್ಟೆಂಬುದು ಇರಲಿಲ್ಲ. "ತಗಾ ತಮ್ಮಾ. ತಗಂಡು ಇಲ್ಲೇ ಇದ್ಬಿಡು. ಕಾಗ್ದ ಇದ್ರೇನು, ಕಲ್ಲು ನೋಡಕ್ಕೆ ಗೊತ್ತಿರೋನೊಬ್ಬ ಬೇಕಲ್ಲ."

ಆ ರೂಮಿನ ಬೆಲೆ ಅವಳೇ ಎಂದು ಅವಳಿಗೆ ಗೊತ್ತಿರಲಿಲ್ಲ. ರೊಟ್ಟಿಯನ್ನು ಹಾಗೇ ಎಲೆಯಲ್ಲಿ ಸುತ್ತಿಟ್ಟೆ. ಕೈ ತೊಳೆದುಕೊಂಡು ಸೀದಾ ಆಫೀಸಿಗೆ ಹೋಗಿ, ಗುಮಾಸ್ತನ ಮುಂದೆಯೇ, "ಆಗಲ್ಲ ಸ್ವಾಮಿ. ನಾನು ತಮಾಷೆಗೆ ಹೇಳಿದ್ದಲ್ಲ" ಅಂದೆ.

"ಹಾಗಾದ್ರೆ ನಾಳೆಯಿಂದ ಬರಬೇಡ" ಅಂದ. ಬಹುವಚನ ಅಲ್ಲಿಗೆ ಮುಗಿಯಿತು.

ಬಾಯ್ಲರ್ ಮನೆಯ ಗೋಡೆಯಿಂದ ನನ್ನ ಸರ್ಟಿಫಿಕೇಟನ್ನು ಇಳಿಸಿ, ಫ್ರೇಮು ಮಿಲ್ಲಿನದೆಂದು ಫ್ರೇಮನ್ನು ಬಿಚ್ಚಿಟ್ಟು, ಕಾಗದವನ್ನು ಸುರುಳಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಹತ್ತು ನಿಮಿಷದಲ್ಲಿ ಮೇಸ್ತ್ರಿ ಸೈಕಲ್ ತುಳಿದುಕೊಂಡು ಬಂದ. "ಬರೋದಂತೆ. ಸಿಟ್ಟಲ್ಲಿ ಅಂದ್ಬಿಟ್ರಂತೆ." ಕೂತೇ ಇದ್ದೆ. ಅವನು ಹೋಗಿ ಮತ್ತೆ ಬಂದ. "ಸಂಬ್ಳ ಜಾಸ್ತಿಯಂತೆ." ಕೂತೇ ಇದ್ದೆ. ಮೂರನೆಯ ಸಲ ಬಂದಾಗ ಪಾಪ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. "ರೂಮೂ ಕೊಡ್ತಾರಂತೆ, ಯಾರ್ಗೂ ಏನೂ ಯೋಳೋದ್ ಬ್ಯಾಡ್ವಂತೆ. ಬನ್ರೀ ಮಾರಾಯ್ರೆ, ನನ್ ಕಾಲು ಬಿದ್ದೋಗ್ತವೆ." ನನ್ನ ಕಾಗದವಿಲ್ಲದೆ ಇನ್ಸ್‌ಪೆಕ್ಟರಿಗೆ ಬಾಯ್ಲರ್ ತೋರಿಸುವಂತಿಲ್ಲ ಎಂದು ಕುಟುಂಬದ ಯಜಮಾನನಿಗೆ ಆಗ ತಾನೇ ನೆನಪಾಗಿತ್ತು.

ನನಗೆ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಯಿತು. ಒಂದು ವರ್ಷ ಕೇಳಿ ಕೇಳಿ ಸಿಗದ್ದೆಲ್ಲ ಒಂದು ಸೈಕಲ್ಲಿನ ಮೇಲೆ ಅರ್ಧ ಗಂಟೆಯಲ್ಲಿ ಮೂರು ಕಂತಿನಲ್ಲಿ ಬಂದಿತ್ತು. ಕೊಡಲು ಅವನ ಹತ್ತಿರ ಎಂದೂ ಇಲ್ಲದೆ ಇರಲಿಲ್ಲ. ಮೇಸ್ತ್ರಿಗೆ ಹೇಳಿದೆ: ಇನ್ಸ್‌ಪೆಕ್ಟರು ಬಂದು ಹೋಗುವವರೆಗೆ ಮಾತ್ರ ಇರುತ್ತೇನೆ, ರೂಮೂ ಬೇಡ, ಏರಿಸಿದ ಸಂಬಳವೂ ಬೇಡ. ನಾಳೆ ಬೆಳಗ್ಗೆ ಹೊಸ ಗಾಜಿನ ಕೊಳವೆ ನನ್ನ ಕೈಯಲ್ಲಿರಬೇಕು. ಇನ್ಸ್‌ಪೆಕ್ಟರ ಜೊತೆ ನಾನೊಬ್ಬನೇ ಬಾಯ್ಲರಿನ ಮೇಲೆ ಹತ್ತಬೇಕು.

ಮರುದಿನ ಕೊಳವೆ ಬಂತು. ಶಿವಮೊಗ್ಗದ ಅಂಗಡಿಯಲ್ಲಿ ಅದು ಮೊದಲಿಂದಲೂ ಇತ್ತಂತೆ.

ಇನ್ಸ್‌ಪೆಕ್ಟರು ತೆಳ್ಳನೆಯ ಮನುಷ್ಯ, ಸಣ್ಣ ಸುತ್ತಿಗೆಯಿಂದ ರಿವೆಟ್ಟುಗಳನ್ನು ತಟ್ಟಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಮೇಲೆ ಹತ್ತಿದಾಗ ಸನ್ನೆಯ ಮೇಲೆ ತಂತಿ ಉಜ್ಜಿದ ಗುರುತನ್ನು ತೋರಿಸಿದೆ. ಅವರು ಕೆಳಗೆ ನಿಂತಿದ್ದ ಯಜಮಾನನನ್ನು ಒಮ್ಮೆ ನೋಡಿದರು, ಚೀಲದಿಂದ ತಂತಿ, ಸೀಸ, ಅಚ್ಚು ತೆಗೆದು, ಗುಂಡನ್ನೂ ಸನ್ನೆಯನ್ನೂ ಸೇರಿಸಿ ಸರ್ಕಾರದ ಸೀಲು ಒತ್ತಿದರು. "ಇದನ್ನ ಒಡೆದರೆ ಕೇಸು" ಎಂದಷ್ಟೇ ಹೇಳಿ ಇಳಿದರು. ಅವರ ಜೊತೆ ನಾನೂ ಇಳಿದೆ, ಅಕ್ಕನಿಗೆ ಸೀಲು ಎಲ್ಲಿದೆ ಎಂದು ತೋರಿಸಿದೆ, ಅದೇ ಸಂಜೆ ಊರಿಗೆ ಹೋದೆ.

ಅಪ್ಪ ಏನಂದನೆಂದು ಬರೆಯುವುದಿಲ್ಲ.

ಮೂರು ತಿಂಗಳು ಖಾಲಿ ಕೂತಮೇಲೆ ಅಜ್ಜಂಪುರದ ಒಂದು ಹತ್ತಿ ಮತ್ತು ಎಣ್ಣೆ ಮಿಲ್ಲಿಗೆ ಹೋದೆ. ಅಲ್ಲಿನ ಮಾಲೀಕ ಮುದುಕ, ಸಿಡುಕ, ಜುಗ್ಗ. ಕಾಫಿ ಇರಲಿ, ಕೂರು ಎಂದೂ ಅನ್ನಲಿಲ್ಲ. ನಾನು ಈ ಸಲ ಏಳು ಷರತ್ತು ಬರೆದು ಅವನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ, ಒಂದೊಂದನ್ನೂ ಎರಡೆರಡು ಸಲ ಓದಿದ. "ಇದಾಗಕ್ಕಿಲ್ಲ" ಎಂದು ಒಂದಕ್ಕೆ ಗೀಟು ಹಾಕಿದ. "ಇದಂತೂ ನಮ್ಮಪ್ಪನಾಣೆ ಆಗಕ್ಕಿಲ್ಲ" ಎಂದು ಇನ್ನೊಂದಕ್ಕೆ ಹಾಕಿದ. ಒಂದು ಗಂಟೆ ಜಗಳವಾಡಿದೆವು. ಉಳಿದ ಐದಕ್ಕೆ, ಮಗಳ ಮದುವೆಗೆ ಗದ್ದೆ ಮಾರುವವನ ಹಾಗೆ ಮುಖ ಮಾಡಿಕೊಂಡು ಸಹಿ ಹಾಕಿದ.

ಆ ಐದನ್ನೂ ನಡೆಸಿದ. ಹತ್ತು ವರ್ಷ ಅಲ್ಲಿದ್ದೆ. ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ, ಒಂದು ವಾರವೂ ರಜೆ ತಪ್ಪಿಸಲಿಲ್ಲ. ತನ್ನ ಕುಟುಂಬಕ್ಕೆ ನನ್ನನ್ನು ಸೇರಿಸಿಕೊಳ್ಳಲೂ ಇಲ್ಲ. ಆ ಉಪಕಾರಕ್ಕೆ ನಾನು ಇಂದಿಗೂ ಋಣಿ.

ತರೀಕೆರೆಯ ಬಾಯ್ಲರ್ ಸಿಡಿಯಲೇ ಇಲ್ಲ. ಯಜಮಾನ ಕಂಡಕಂಡವರಿಗೆಲ್ಲ, "ಸಿಡೀತದೆ ಸಿಡೀತದೆ ಅಂದು ಹೆದರಿಸಿ ಹೋದ, ಏನಾಯ್ತೀಗ?" ಎಂದು ನಗುತ್ತಿದ್ದನಂತೆ.

ಎಂಬತ್ತರ ದಶಕದ ಮೊದಲಲ್ಲಿ ಒಮ್ಮೆ ಅಜ್ಜಂಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿದಾಗ ಅಕ್ಕ ಸಿಕ್ಕಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶಿವನಿಯಾಚೆ ಯಾರದೋ ಮನೆಗೆ ಬಾಣಂತಿ ನೋಡಲು ಹೊರಟಿದ್ದಳು. ಮಿಲ್ಲು ಬಿಟ್ಟು ಎರಡು ವರ್ಷವಾಯಿತಂತೆ, ಮಂಡಿ ನೋವು. ಇದ್ದಷ್ಟು ದಿನವೂ ಬೆಳಗ್ಗೆ ಕಣಕ್ಕೆ ಇಳಿಯುವ ಮೊದಲು ಬಾಯ್ಲರ್ ಮನೆಗೆ ಹೋಗಿ, ಕತ್ತೆತ್ತಿ ಸೀಲು ನೋಡಿ ಬರುತ್ತಿದ್ದಳಂತೆ. ಮೇಸ್ತ್ರಿಗೆ ಅದನ್ನು ಕಂಡರೆ ಮೈಯುರಿ.

"ನಿಂಗೆ ಈಗಿರೋ ಮಿಲ್ಲಲ್ಲಿ ವಾರದ್ ರಜ ಕೊಡ್ತಾರಾ?" ಎಂದು ಕೇಳಿದಳು.

"ಕೊಡ್ತಾರಕ್ಕ. ಬರೆಸ್ಕೊಂಡಿದೀನಿ."

"ಊಂ" ಅಂದಳು. ಚೀಲ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗೆ ಕೊಟ್ಟು, ಕಿಟಕಿಯಾಚೆ ನೋಡುತ್ತಾ, ಬಾಣಂತಿಗೆ ಗಂಡೋ ಹೆಣ್ಣೋ ಇನ್ನೂ ಗೊತ್ತಿಲ್ಲ ಎಂದು ಹೇಳತೊಡಗಿದಳು.